ಗಂಡುಮಕ್ಕಳ ಕೈಗೂ ಸೂಜಿ ಕೊಡಿ

ಜಪಾನಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಬಂದ ಪ್ರತಿ ಮಗುವಿನ ಹತ್ತಿರವೂ ಒಂದು ಹೊಲಿಗೆ ಡಬ್ಬಿ ಇರುತ್ತದೆ. ಸೂಜಿ, ಗುಂಡುಸೂಜಿ, ದಾರ, ಸಣ್ಣ ಕತ್ತರಿ, ಅಳತೆ ಟೇಪು, ಬಟ್ಟೆಯ ಮೇಲೆ ಗೆರೆ ಎಳೆಯುವ ಪೆನ್ಸಿಲ್ಲು. ಐದು ಮತ್ತು ಆರನೇ ತರಗತಿಯಲ್ಲಿ ಗೃಹವಿಜ್ಞಾನ ಹುಡುಗ ಹುಡುಗಿ ಎನ್ನದೆ ಎಲ್ಲರಿಗೂ ಕಡ್ಡಾಯ. ಟೋಕಿಯೊದಲ್ಲಿರುವ ನಾವು ಕನ್ನಡದವರು ಸೇರಿದಾಗೆಲ್ಲ ಮಕ್ಕಳ ಗಣಿತ ಹಿಂದೆ ಬೀಳುತ್ತದೋ, ಕಾಂಜಿ ಅಕ್ಷರ ತಲೆಗೆ ಹತ್ತುತ್ತದೋ ಎಂಬುದೇ ಮಾತು. ಇಲ್ಲಿನ ಶಾಲೆ ನನ್ನ ಮಗನಿಗೆ ಕೊಟ್ಟಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಈ ಡಬ್ಬಿ ಎಂದು ನಾನು ನಂಬಿದ್ದೇನೆ. ಇದು ಕರ್ನಾಟಕದ ಶಾಲೆಗಳಿಗೂ ಬರಬೇಕು.

ಕಲಿಸುವುದು ತೀರಾ ಮೂಲಭೂತ ಕೆಲಸಗಳನ್ನು. ಸೂಜಿಗೆ ದಾರ ಪೋಣಿಸುವುದು, ದಾರದ ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ ಹೆಬ್ಬೆರಳಿನಿಂದ ಹೊಸೆದು ಗಂಟು ಮಾಡುವುದು, ಕೊನೆಯಲ್ಲಿ ಸೂಜಿಗೇ ಎರಡು ಮೂರು ಸುತ್ತು ಸುತ್ತಿ ಒತ್ತಿ ಹಿಡಿದು ಎಳೆಯುವುದು. ಆಮೇಲೆ ಸಾದಾ ಹೊಲಿಗೆ, ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಗಟ್ಟಿ ಹೊಲಿಗೆ, ಅಂಚು ಸುತ್ತುವ ಹೊಲಿಗೆ, ಗುಂಡಿ ಹಾಕುವುದು. ಗುಂಡಿಯನ್ನು ಬಟ್ಟೆಗೆ ಬಿಗಿಯಾಗಿ ಅಂಟಿಸಿ ಹೊಲಿಯಬಾರದು. ಕಾಜಾ ಇರುವ ಪಟ್ಟಿಯ ದಪ್ಪ ಕೂರುವಷ್ಟು ಸಡಿಲ ಬಿಟ್ಟು, ಆ ಸಡಿಲಿನಲ್ಲಿ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕಬೇಕು. ಅಂಗಿಯ ಗುಂಡಿ ಬೇಗ ಕಿತ್ತು ಬರುವುದಕ್ಕೆ ಈ ಸಡಿಲು ಇಲ್ಲದಿರುವುದೂ ಒಂದು ಕಾರಣ.

ಮಗ ವಿಡಿಯೋ ಕಾಲ್‌ನಲ್ಲಿ ತನ್ನ ಹೊಲಿಗೆ ತೋರಿಸಿದರೆ ಹಾವೇರಿಯಲ್ಲಿರುವ ಅವ್ವ ಕನ್ನಡಕ ಏರಿಸಿಕೊಂಡು ನೋಡುತ್ತಾಳೆ. “ದಾರ ಭಾಳ ಉದ್ದ ತಗೋಬ್ಯಾಡೋ ತಮ್ಮಾ, ಸಿಕ್ಕಾಗತೈತಿ. ಒಂದೂವರಿ ಮೊಳ ಸಾಕು.” “ಟೀಚರೂ ಹಂಗ ಹೇಳ್ಯಾರ ಅಜ್ಜಿ” ಎನ್ನುತ್ತಾನೆ ಅವನು. ಮೊಳ ಹಾಕಿ ಅಳೆಯುವ ಅಜ್ಜಿಗೂ ಸೆಂಟಿಮೀಟರ್ ಹೇಳುವ ಟೀಚರಿಗೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಅವ್ವನ ಬದುಕಿನ ಒಂದು ದೊಡ್ಡ ವಿದ್ಯೆ ಮೊಮ್ಮಗನಿಗೆ ಅರ್ಥವಾಗುವ ಭಾಷೆಯಾಯಿತು ಎಂಬ ಸಂತೋಷ ನನಗೆ.

ಈ ವಿದ್ಯೆ ನಮ್ಮಲ್ಲಿ ಇರಲಿಲ್ಲ ಎಂದಲ್ಲ. ಶಾಲೆಯ ಸಮವಸ್ತ್ರ ಹೊಲಿಸುವಾಗ “ಬೆಳಿಯೋ ಹುಡುಗ, ಎರಡು ಬೆರಳು ಜಾಸ್ತಿ ಮಡಚಿ ಹೊಲೀರಿ” ಎಂದು ಸಿಂಪಿಗರಿಗೆ ಹೇಳದ ತಾಯಿ ನಮ್ಮ ಕಡೆ ಯಾರಿದ್ದರು? ಮರುವರ್ಷ ಮಡಿಕೆ ಬಿಚ್ಚಿದರೆ ಚಡ್ಡಿ, ಲಂಗ ಮತ್ತೆ ಅಳತೆಗೆ ಬರುತ್ತಿತ್ತು. ಬಿಚ್ಚಿದ ಕಡೆ ಬಣ್ಣ ಮಾಸದ ಗೆರೆಯೊಂದು ಉಳಿದರೆ ಯಾರಿಗೂ ಅದು ದೊಡ್ಡ ಮಾತಲ್ಲ. ಜಪಾನಿನ ಮಕ್ಕಳ ಕಿಮೊನೊದಲ್ಲೂ ಭುಜಕ್ಕೆ, ಸೊಂಟಕ್ಕೆ ಇಂಥದೇ ಮಡಿಕೆ ಹಾಕಿ ಹೊಲಿದಿರುತ್ತಾರೆ. ಮಗು ಬೆಳೆದಂತೆ ಬಿಚ್ಚುತ್ತಾರೆ. ನಮ್ಮ ಬ್ಲೌಸಿನ ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಇರುವುದೂ ಇದೇ ಲೆಕ್ಕದಲ್ಲಿ. ಈಗಿನ ರೆಡಿಮೇಡ್ ಬಟ್ಟೆಯನ್ನು ಒಳಗು ಹೊರಗು ಮಾಡಿ ನೋಡಿ: ಓವರ್‌ಲಾಕ್ ಹೊಲಿಗೆಯ ಆಚೆ ಬಟ್ಟೆಯೇ ಇರುವುದಿಲ್ಲ. ಬಿಚ್ಚಿ ಹಿಗ್ಗಿಸುವ ಯೋಚನೆಯೇ ಇಲ್ಲದೆ ಮಾಡಿದ ಬಟ್ಟೆ ಅದು.

ನಮ್ಮಲ್ಲಿ ಕೆಟ್ಟದ್ದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಈ ಕೆಲಸವನ್ನು ಮನೆಯ ಹೆಂಗಸರಿಗೆ ಕಟ್ಟಿಹಾಕಿದ್ದರಲ್ಲಿ. ನಾನು ಓದಿದ ಹೈಸ್ಕೂಲಿನಲ್ಲಿ ಹೊಲಿಗೆ ಪಿರಿಯಡ್ ಇದ್ದದ್ದು ಹುಡುಗಿಯರಿಗೆ. ಆ ಹೊತ್ತಿನಲ್ಲಿ ಹುಡುಗರು ಮೈದಾನದಲ್ಲಿ. ಅಂಗಡಿಯಲ್ಲಿ ಮಷಿನ್ ತುಳಿಯುವ ದರ್ಜಿ ಗಂಡಸು, ಮನೆಯಲ್ಲಿ ಗುಂಡಿ ಹಾಕುವುದು ಹೆಂಗಸಿನ ಪಾಲು. ಮನೆಯಲ್ಲಿ ಅರ್ಧ ಜನಕ್ಕೆ ಬಾರದ ಕೆಲಸ, ಉಳಿದರ್ಧಕ್ಕೆ ಬಿಡುವಿಲ್ಲದ ದಿನ ನಿಂತೇಹೋಗುತ್ತದೆ. ಹೆಣ್ಣುಮಕ್ಕಳು ದುಡಿಯಲು ಹೊರಗೆ ಹೋದರು, ಹೋಗಬೇಕಾದದ್ದೇ. ಗಂಡಸರು ಸೂಜಿ ಹಿಡಿಯಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಇಡೀ ಜಗತ್ತಿಗೆ ಬಟ್ಟೆ ಹೊಲಿಯುವ ನಮ್ಮ ಹೆಣ್ಣುಮಕ್ಕಳು ದಿನವಿಡೀ ಕಾಲರನ್ನೋ ತೋಳನ್ನೋ ಟಾರ್ಗೆಟ್ಟಿನ ಲೆಕ್ಕದಲ್ಲಿ ಹೊಲಿದು ಮನೆಗೆ ಬರುತ್ತಾರೆ. ಅವರ ಮನೆಯ ಹರಿದ ಅಂಗಿಯನ್ನೂ ಅವರೇ ಹೊಲಿಯಲಿ ಎನ್ನುವುದು ಯಾವ ನ್ಯಾಯ?

ಜಪಾನ್ ಕೂಡ ಮೊದಲಿನಿಂದ ಹೀಗಿರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ 1947ರಿಂದಲೇ ಹುಡುಗರಿಗೂ ಗೃಹವಿಜ್ಞಾನ ಇತ್ತು. ಆದರೆ 1958ರ ಪಠ್ಯಕ್ರಮ ಮಾಧ್ಯಮಿಕ ಶಾಲೆಯ ಹುಡುಗರಿಗೆ ತಾಂತ್ರಿಕ ಕೆಲಸ, ಹುಡುಗಿಯರಿಗೆ ಮನೆಗೆಲಸ ಎಂದು ಒಡೆಯಿತು. ಮಹಿಳೆಯರ ಮೇಲಿನ ತಾರತಮ್ಯ ನಿವಾರಿಸುವ ಅಂತರರಾಷ್ಟ್ರೀಯ ಒಪ್ಪಂದವನ್ನು 1985ರಲ್ಲಿ ಒಪ್ಪಿಕೊಂಡ ಮೇಲೆ ಇದನ್ನು ತಿದ್ದಲೇಬೇಕಾಯಿತು. ಮಾಧ್ಯಮಿಕದಲ್ಲಿ 1993ರಿಂದ, ಪ್ರೌಢಶಾಲೆಯಲ್ಲಿ 1994ರಿಂದ ಇಬ್ಬರಿಗೂ ಒಂದೇ ಪಾಠ. ಹಟ ಹಿಡಿದು ಕೇಳಿದವರಿದ್ದರು, ಹಾಗಾಗಿ ಬದಲಾಯಿತು.

ಹಾಗೆಂದು ಈ ದೇಶವನ್ನು ತಲೆಯ ಮೇಲೆ ಹೊತ್ತುಕೊಳ್ಳಲಾರೆ. ಇಲ್ಲಿನ ಪರಿಸರ ಸಚಿವಾಲಯದ ಅಂದಾಜಿನಂತೆ ಒಬ್ಬೊಬ್ಬರು ವರ್ಷಕ್ಕೆ ಸುಮಾರು 18 ಬಟ್ಟೆ ಕೊಳ್ಳುತ್ತಾರೆ, ಬೇಡವೆಂದು ಬಿಟ್ಟ ಬಟ್ಟೆಯಲ್ಲಿ ಹೆಚ್ಚಿನ ಪಾಲು ಮನೆಯ ಕಸದ ಜೊತೆ ಹೋಗುತ್ತದೆ. ಶಾಲೆಯಲ್ಲಿ ನೆಲ ಒರೆಸಲು ಹಳೆಯ ಟವೆಲ್ ಮಡಿಸಿ ಹೊಲಿದ ಒರೆಸುಬಟ್ಟೆ ತರಬೇಕು. ಅದನ್ನೂ ನೂರು ಯೆನ್ ಅಂಗಡಿಯಲ್ಲಿ ಕೊಂಡು ಕಳಿಸುವ ಮನೆಗಳಿವೆ. ಪ್ಯಾಂಟಿನ ಜಿಪ್ ಬದಲಾಯಿಸಲು ಕೇಳುವ ದುಡ್ಡಿಗೆ ಅಗ್ಗದ ಹೊಸ ಪ್ಯಾಂಟೇ ಬರುತ್ತದೆ. ನಮ್ಮೂರಿನ ಬೀದಿ ತಿರುವಿನ ಆಲ್ಟರೇಷನ್ ಅಂಗಡಿ, ಕಾಯುತ್ತಿದ್ದಂತೆಯೇ ಹೊಲಿದು ಕೊಡುವ ಆ ಮನುಷ್ಯ, ಇಲ್ಲಿಲ್ಲ. ಆ ಅಂಗಡಿ ಉಳಿಯಬೇಕಾದರೂ ಬಟ್ಟೆ ಸರಿಮಾಡಿ ಉಡಬಹುದು ಎಂದು ಜನಕ್ಕೆ ಅನ್ನಿಸಬೇಕಲ್ಲ.

ತೇಪೆ ಎಂದರೆ ಬಡತನ ಎಂಬ ನಾಚಿಕೆ ಎರಡೂ ಕಡೆ ಇತ್ತು. ಜಪಾನಿನ ಉತ್ತರದ ಅಓಮೊರಿಯಲ್ಲಿ ಚಳಿಗೆ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ರೈತರ ಮನೆಯ ಹೆಂಗಸರು ಸೆಣಬಿನಂಥ ನಾರುಬಟ್ಟೆಯ ಸಂದುಗಳಲ್ಲಿ ಹತ್ತಿಯ ದಾರ ಹಾಯಿಸಿ ಹೊಲಿದರು, ಹಡಗಿನಲ್ಲಿ ಬಂದ ಹಳೆಯ ಹತ್ತಿ ಚೂರುಗಳನ್ನು ಪದರ ಪದರವಾಗಿ ಸೇರಿಸಿದರು. ಮುಂದೆ ಮಕ್ಕಳು ಮೊಮ್ಮಕ್ಕಳು ಅವನ್ನು ಮುಚ್ಚಿಟ್ಟರು. ಅಂಥವನ್ನು ಮನೆಮನೆ ತಿರುಗಿ ಕೂಡಿಸಿದವರು ತನಾಕಾ ಚೂಜಾಬುರೊ. ಹೀಗೆ ದಾರ ಹಾಯಿಸುವ ಹೊಲಿಗೆಗೆ ಸಾಶಿಕೊ ಎನ್ನುತ್ತಾರೆ; ಅವರ ಸಂಗ್ರಹದ 786 ಸಾಶಿಕೊ ಉಡುಪುಗಳನ್ನು 1983ರಲ್ಲಿ ಸರ್ಕಾರ ಮುಖ್ಯ ಜಾನಪದ ಸಂಪತ್ತೆಂದು ಘೋಷಿಸಿತು. ನಮ್ಮ ಕೌದಿಯೂ ಇದೇ ಸಾದಾ ಹೊಲಿಗೆಯದು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ನಡುವಿಗೆ ಸುತ್ತುತ್ತ ಹೊಲಿಯುವ ಕೌದಿಗಳನ್ನು ಹೊರದೇಶದವರು ಬಂದು ಪ್ರದರ್ಶನಕ್ಕೆ ಒಯ್ದರು. ನಮ್ಮ ಪೇಟೆಯ ಮನೆಗಳು ಅಷ್ಟರಲ್ಲಿ ಕೌದಿ ಬಿಟ್ಟು ಪಾಲಿಯೆಸ್ಟರ್ ಬ್ಲಾಂಕೆಟ್ಟಿಗೆ ಹೋಗಿದ್ದವು.

ಕೌದಿಯ ಹೊಲಿಗೆ ಬಂದವರಿಗೆ ಜೀನ್ಸ್ ರಿಪೇರಿ ಹೊಸದೇನಲ್ಲ. ತೊಡೆಯ ಒಳಭಾಗ ಸವೆದರೆ ಸವೆದಷ್ಟಕ್ಕೇ ತೇಪೆ ಹಾಕಿದರೆ ನಿಲ್ಲುವುದಿಲ್ಲ, ಏಕೆಂದರೆ ಸವೆದ ಬಟ್ಟೆಗೆ ದಾರ ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ. ಸುತ್ತಲೂ ಎರಡು ಬೆರಳು ದೊಡ್ಡದಾದ ಹಳೆಯ ಹತ್ತಿ ಬಟ್ಟೆಯನ್ನು ಒಳಗಿನಿಂದ ಇಟ್ಟು, ಗಟ್ಟಿ ಬಟ್ಟೆಯಿಂದ ಆರಂಭಿಸಿ ಸವೆದ ಜಾಗ ದಾಟಿ ಆಚೆಯ ಗಟ್ಟಿ ಬಟ್ಟೆಯವರೆಗೆ ಸಾಲುಸಾಲಾಗಿ ಹೊಲಿಯಬೇಕು. ತೂತು ಬೀಳುವ ಮೊದಲೇ, ಬಟ್ಟೆ ತೆಳುವಾದಾಗಲೇ ಹೊಲಿದರೆ ಅರ್ಧ ಕೆಲಸ. ನನ್ನ ಪ್ಯಾಂಟುಗಳಿಗೆ ನಾನು ಹೀಗೇ ಮಾಡುತ್ತೇನೆ. ಆಫೀಸಿಗೂ ಅವನ್ನೇ ಹಾಕಿಕೊಂಡು ಹೋಗುತ್ತೇನೆ.

ಕರ್ನಾಟಕದ ಶಾಲೆಗಳಲ್ಲಿ ಈಗ ಬ್ಯಾಗ್ ಇಲ್ಲದ ಶನಿವಾರಗಳಿವೆ. ಕೇಂದ್ರದ 2020ರ ಶಿಕ್ಷಣ ನೀತಿಯೂ ಆರನೇ ತರಗತಿಯಿಂದ ಕೈಕಸುಬು ಕಲಿಸಿ ಎನ್ನುತ್ತದೆ. ಸೂಜಿ, ದಾರ, ಹಳೆಯ ಪಂಚೆಯ ತುಂಡು, ನಾಲ್ಕು ಗುಂಡಿ: ಇದಕ್ಕೆ ಯಾವ ಅನುದಾನಕ್ಕೂ ಕಾಯಬೇಕಿಲ್ಲ. ಕಲಿಸಲು ಊರಿನ ದರ್ಜಿಯನ್ನು, ಕೌದಿ ಹೊಲಿಯುವ ಅಜ್ಜಿಯನ್ನು ಕರೆಯಿರಿ, ಅವರ ದಿನದ ದುಡಿಮೆಯ ಹಣ ಕೊಡಿ. ಒಂದು ಶನಿವಾರ ಗಂಟು ಮತ್ತು ಗುಂಡಿ, ಇನ್ನೊಂದು ಶನಿವಾರ ಬಿಚ್ಚಿಹೋದ ಹೊಲಿಗೆ ಮತ್ತು ಅಂಚು, ಆಮೇಲೆ ತೇಪೆ. ಹುಡುಗರನ್ನು ಮೈದಾನಕ್ಕೆ ಕಳಿಸದೆ ಅದೇ ಜಮಖಾನೆಯ ಮೇಲೆ ಕೂರಿಸಿ.