ಸ್ಪಷ್ಟನೆ: ವೆಸ್ಟಾ ಕಲ್ಲುಗಳನ್ನು ಯಾವ ನೌಕೆಯೂ ತಂದಿಲ್ಲ

'ನಾಸಾದ ಡಾನ್ ನೌಕೆ ವೆಸ್ಟಾ ಕ್ಷುದ್ರಗ್ರಹದಿಂದ ಕಲ್ಲು ತಂದಿದೆ, ಮ್ಯೂಸಿಯಂಗಳಲ್ಲಿ ಇರುವುದು ಅವೇ' ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಡಾನ್ 2011ರಿಂದ 2012ರವರೆಗೆ ವೆಸ್ಟಾವನ್ನು ಸುತ್ತಿತು, ಇಳಿಯಲಿಲ್ಲ. ಅಲ್ಲಿಂದ ಸೀರಿಸ್ ಎಂಬ ಕುಬ್ಜಗ್ರಹಕ್ಕೆ ಹೋಯಿತು. ಭೂಮಿಗೆ ಮರಳಲೇ ಇಲ್ಲ.

ಆ ಕಲ್ಲುಗಳು ತಾವಾಗಿಯೇ ಬಿದ್ದವು. ನಿಜವಾದ ಸೋಜಿಗ ಇದೇ ಅಲ್ವಾ? ಅವು ಹೊವಾರ್ಡೈಟ್, ಯೂಕ್ರೈಟ್, ಡಯೋಜೆನೈಟ್ ಎಂಬ ಮೂರು ಬಗೆಯ ಉಲ್ಕಾಶಿಲೆಗಳು. ಯೂಕ್ರೈಟ್ ನಮ್ಮ ಬಸಾಲ್ಟ್‌ನಂತೆ ಲಾವಾ ಆರಿ ಆದ ಕಲ್ಲು. 1970ರಲ್ಲೇ ವಿಜ್ಞಾನಿಗಳು ವೆಸ್ಟಾದಿಂದ ಬರುವ ಬೆಳಕಿನ ರೋಹಿತವನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪಟ್ಟಿ) ಈ ಕಲ್ಲುಗಳ ರೋಹಿತದ ಜೊತೆ ಹೋಲಿಸಿದರು. ಎರಡೂ ಹೊಂದಿದವು. ಡಾನ್ ಮಾಡಿದ್ದು ಆ ನಂಟನ್ನು ಹತ್ತಿರದಿಂದ ನೋಡಿ ಗಟ್ಟಿಗೊಳಿಸಿದ್ದು. ಅದೂ ಸಣ್ಣ ಕೆಲಸವಲ್ಲ.

ವೆಸ್ಟಾ ಸುಮಾರು 525 ಕಿ.ಮೀ. ಅಗಲ. ಅದರ ದಕ್ಷಿಣ ತುದಿಯ ರಿಯಾಸಿಲ್ವಿಯಾ ಕುಳಿಯೇ ಸುಮಾರು 500 ಕಿ.ಮೀ! ಅಂಥ ಭಾರೀ ಡಿಕ್ಕಿಗಳಲ್ಲಿ ಸಿಡಿದ ಚೂರುಗಳು ಕೋಟ್ಯಂತರ ವರ್ಷ ಅಲೆದು ಇಲ್ಲಿಗೆ ಬರುತ್ತವೆ.

ಭಾರತದಲ್ಲೂ ಬಿದ್ದಿವೆ. ರಾಜಸ್ಥಾನದ ಲೋಹಾವಟ್‌ನಲ್ಲಿ 1994ರಲ್ಲಿ ಹೊವಾರ್ಡೈಟ್, ಪಿಪಲಿಯಾ ಕಲಾಂನಲ್ಲಿ 1996ರಲ್ಲಿ ಯೂಕ್ರೈಟ್. ಸಂದೇಶ ಫಾರ್ವರ್ಡ್ ಮಾಡಿದವರು ದಯವಿಟ್ಟು ಇದನ್ನೂ ಕಳಿಸಿ.