ಟ್ರಾಲಿ ಬ್ಯಾಗ್ ತರಾಕ ಎಲ್ಲಾರಿಗೂ ಟೈಮ್ ಐತಿ, ಪಾಸ್‌ಪೋರ್ಟ್ ತಗದು ನೋಡಾಕ ಒಬ್ಬರಿಗೂ ಇಲ್ಲ

ಇವತ್ತ ಡಿಸೆಂಬರ್ 24. ಈ ಹೊತ್ತಿಗೆ ನಾವು ಐದೂ ಮಂದಿ ಮುಂಬೈ ಏರ್‌ಪೋರ್ಟ್‌ನ್ಯಾಗ ಇರಬೇಕಾಗಿತ್ತು. ಎಲ್ಲಿದೀನಿ? ಬಾಗಲಕೋಟಿ ನವನಗರದಾಗ, ನಮ್ಮನಿ ಅಡಗಿಮನ್ಯಾಗ, ಸ್ಟೂಲ್ ಮ್ಯಾಲ ಕುಂತು ಇದನ್ನ ಟೈಪ್ ಮಾಡಾಕತ್ತೀನಿ. ಸಿಟ್ಟ ನೆತ್ತಿಗೇರೇತಿ.

ಮೈದುನ ದುಬೈದಾಗ ಅದಾನ, ಹತ್ತ ವರ್ಷದಿಂದ ಬರ್ರಿ ಬರ್ರಿ ಅಂತಿದ್ದ, ಈ ಸಲ ಹೂಂ ಅಂದ್ವಿ. ಅಂದಿದ್ದ ತಡ ನಮ್ಮ ಮನಿಯಾವ್ರು ಮೂರ ಟ್ರಾಲಿ ಬ್ಯಾಗ್ ತಂದ್ರು, ಅದರಾಗ ಒಂದು ಕೆಂಪಂದು, "ಬೆಲ್ಟ್ ಮ್ಯಾಲ ಬಂದ ಕೂಡ್ಲೆ ಗುರ್ತ ಹತ್ತತೈತಿ" ಅಂತ. ಮಗ ಗಾಗಲ್ ತಗೊಂಡ. ಮಾವ ಸ್ವೆಟರ್ ತಗೊಂಡ್ರು, ದುಬೈಕ್ಕ! ನಾ ಅವತ್ತ ಅಂದೆ, ರೀ ಮೊದಲ ಪಾಸ್‌ಪೋರ್ಟ್ ತಗದು ನೋಡೂಣು ಅಂತ. "ಅವು ಟ್ರಂಕಿನ್ಯಾಗ ಅದಾವ, ಎಲ್ಲಿ ಹೊಕ್ಕಾವ" ಅಂದ್ರು. ಕೂಸ ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸೂ ಮನಿತನ ನಮ್ದು.

ಆ ಟ್ರಂಕಿನ ಕಥಿ ಹೇಳಬೇಕು. ಆಲಮಟ್ಟಿ ಹಿನ್ನೀರಿನಾಗ ನಮ್ಮ ಮಾವನ ಹಳೇ ಮನಿ ಹೋತು, ಆವಾಗಿಂದ ಹಿಡದು ನೋಟೀಸು, ಪರಿಹಾರದ ರಶೀದಿ, ಪ್ಲಾಟಿನ ಹಕ್ಕುಪತ್ರ, ಕಚೇರಿಗೆ ಹಾಕಿದ ಅರ್ಜಿ ಕಾಪಿ ಎಲ್ಲಾ ಪ್ಲಾಸ್ಟಿಕ್ ಚೀಲದಾಗ ಹಾಕಿ, ಸುತ್ತ ಸುತಳಿ ಕಟ್ಟಿ, ನುಸಿ ಗುಳಿಗಿ ಇಟ್ಟು ಕಾದಾರ. ಒಂದ ಚೀಟಿ ಬಿಟ್ಟಿಲ್ಲ. ಹಂಥಾ ಮನಷ್ಯಾ ಆ ಗಂಟಿನ ಬುಡಕ ಇದ್ದ ಎರಡ ನೀಲಿ ಪುಸ್ತಕಾ, ತಮ್ದು ಅತ್ತಿದು ಪಾಸ್‌ಪೋರ್ಟು, ಹತ್ತ ವರ್ಷದಾಗ ಒಮ್ಮಿನೂ ಬಿಚ್ಚಿ ನೋಡಿಲ್ಲ. ಮೈದುನ ಹೊಸದಾಗಿ ದುಬೈಗೆ ಹ್ವಾದಾಗ ಹೌಸಿಲೆ ಮಾಡಿಸಿದ್ದು, ಒಂದ ಪುಟದ ಮ್ಯಾಲೂ ಶಿಕ್ಕಾ ಬಿದ್ದಿಲ್ಲ, 2026ರ ಫೆಬ್ರವರಿಗೆ ಮುಗೀತಾವ.

ಫೆಬ್ರವರಿ ತನಾ ಐತೆಲ್ಲ, ನಾವ ಜನವರಿಗೆ ವಾಪಸ್ ಬರತೀವಿ ಅಂತ ನಮ್ಮ ಮನಿಯಾವ್ರ ವಾದ. ಅಲ್ರೀ, ಹೋಗೂ ದಿನದಿಂದ ಆರ ತಿಂಗಳರ ಬಾಕಿ ಇರಬೇಕು ಪಾಸ್‌ಪೋರ್ಟು, ದುಬೈ ಅಷ್ಟ ಅಲ್ಲ ಸಿಂಗಪೂರಕ್ಕ ಹ್ವಾದ್ರೂ ಇದ ರೂಲ್ಸು. ಇದು ನನಗ ಗೊತ್ತಾಗಿದ್ದು ಯಾವಾಗ? ನವೆಂಬರ್ ಕಡೀ ವಾರ, ಟಿಕೀಟ್ ಬುಕ್ ಆದ ಮ್ಯಾಲ. ಏಜೆಂಟ್ ಮಹಾಶಯಾ ದಸರಾಕ್ಕ ಎಲ್ಲಾರ ಪಾಸ್‌ಪೋರ್ಟ್ ಫೋಟೋ ವಾಟ್ಸಾಪ್‌ನ್ಯಾಗ ತರಿಸ್ಕೊಂಡಿದ್ದ, ಅಡ್ವಾನ್ಸ್ ಇಸ್ಕೊಂಡಿದ್ದ, "ಎಲ್ಲಾ ಕ್ಲಿಯರ್ ಐತ್ರಿ ಮೇಡಂ, ನೀವು ಬರೇ ಬ್ಯಾಗ್ ತುಂಬ್ರಿ" ಅಂದಿದ್ದ. ಎರಡ ತಿಂಗಳ ಅವನ ಮೊಬೈಲ್‌ನ್ಯಾಗ ಬಿದ್ದಿದ್ದ ಫೋಟೋ, ಎಕ್ಸ್‌ಪೈರಿ ಡೇಟ್ ದಪ್ಪ ಅಕ್ಷರದಾಗ ಐತಿ, ನೋಡಾಕ ಏನ್ ದುರ್ಬೀನ್ ಬೇಕಾ?

ಅಷ್ಟಕ್ಕ ಮುಗೀಲಿಲ್ಲ. ವೀಸಾ ಹಾಕಾಕ ಕುಂತಾಗ ಮತ್ತ ಏಜೆಂಟಂದು ಫೋನು, "ಹಿರಿಯಾರದು ಒಂದ ಹೆಸರ ಐತೆಲ್ರಿ ಮೇಡಂ". ನಮ್ಮ ಅತ್ತಿ ಸಾಲಿ ಮೆಟ್ಟಲಾ ಹತ್ತಿದವರಲ್ಲ. ರೇಷನ್ ಕಾರ್ಡಿನ್ಯಾಗ, ಆಧಾರಿನ್ಯಾಗ, ಎಲ್ಲಾ ಕಡೆ ಒಂದ ಹೆಸರು, ಅಡ್ಡೆಸರು ಇಲ್ಲ. ಅವ್ರಿಗೆ ಅದರ ಅವಶ್ಯಾನ ಬಿದ್ದಿಲ್ಲ, ಊರಾಗ ಇಂಥಾರ ಹೇಣ್ತಿ ಅಂದ್ರ ಮುಗೀತು. ಪಾಸ್‌ಪೋರ್ಟ್‌ನ್ಯಾಗ ಸರ್‌ನೇಮ್ ಜಾಗಾ ಬರೇ ಖಾಲಿ. ದುಬೈ ಇರೂ ಯುಎಇ ದೇಶದವ್ರು 2022ರ ನವೆಂಬರ್‌ನ್ಯಾಗ, ಒಂದ ಹೆಸರಿದ್ದವ್ರನ್ನ ಟೂರಿಸ್ಟ್ ವೀಸಾದ ಮ್ಯಾಲ ಒಳಗ ಬಿಡಂಗಿಲ್ಲ ಅಂದ್ರು, ಆಮ್ಯಾಲ ಎರಡನೇ ಪುಟದಾಗ ಅಪ್ಪನ ಹೆಸರೋ ಮನಿತನದ ಹೆಸರೋ ಇದ್ರ ನಡೀತೈತಿ ಅಂತ ಸಡ್ಲ ಮಾಡಿದ್ರು. ನಮ್ಮ ಏಜೆಂಟನ್ನ ಕೇಳಿದ್ರ "ಆಗೂದಿಲ್ರಿ" ಅಂತಾನ, ಇನ್ನೊಬ್ಬನ್ನ ಕೇಳಿದ್ರ "ನಡೀತೈತ್ರಿ, ಆದ್ರ ಏರ್‌ಪೋರ್ಟ್‌ನ್ಯಾಗ ನಿಲ್ಲಿಸಿದ್ರ ನನ್ನ ಕೇಳಬ್ಯಾಡ್ರಿ" ಅಂತಾನ. ಮೂರ ವರ್ಷದ ರೂಲ್ಸು, ವೀಸಾ ಮಾಡೂದ ಇವರ ಧಂದೆ, ನಾ ಸೊಸೈಟಿ ಆಫೀಸ್‌ನ್ಯಾಗ ಪಾಸ್‌ಬುಕ್ ಎಂಟ್ರಿ ಮಾಡಾಕಿ ಮಧ್ಯಾಹ್ನ ಡಬ್ಬಿ ಉಣ್ಣೂ ಟೈಮಿನ್ಯಾಗ ಇದನ್ನೆಲ್ಲಾ ಓದಿ ಇವಗ ತಿಳಿಸಿ ಹೇಳಬೇಕಾತು.

ಹೆಂಗೂ ಹೊಸಾದು ಮಾಡಿಸೂದೈತಿ, ಅಡ್ಡೆಸರೂ ಸೇರ್ಸೂಣು ಅಂದ್ರ ಮೊದಲ ಆಧಾರ್ ತಿದ್ದಿಸಬೇಕು. ಅದರ ಪಾಳಿ ಬ್ಯಾರೆ. ಬೇಕಾದ ತಾರೀಖಿಗೆ ಪಾಸ್‌ಪೋರ್ಟ್ ಆಫೀಸಿನ ಸ್ಲಾಟ್ ಸಿಕ್ಕಿದ್ದು ಹುಬ್ಬಳ್ಯಾಗ, ರಜಾ ಹಾಕಿದಾಕಿ ನಾನು, ಕಾರ್ ಮಾಡಿ ಇಬ್ಬರನ್ನೂ ಕರ್ಕೊಂಡ ಹೋದಾಕಿ ನಾನು. ಫೀ ಸಾದಾಕ್ಕ 1,500, ತತ್ಕಾಲ್‌ಕ್ಕ ಅದರ ಮ್ಯಾಲ 2,000. ಮಾವಂದು ತತ್ಕಾಲ್‌ನ್ಯಾಗ ಲಗೂನ ಬಂತು. ಅತ್ತಿದು ಹೆಸರ ಬದ್ಲಿ, ಸಾದಾ ಹಾಕಿದ್ವಿ. ಪೊಲೀಸ್ ವೆರಿಫಿಕೇಶನ್ನಿಗೆ ಸ್ಟೇಶನ್ನಿಂದ ಫೋನ್ ಬಂದ್ರ ಅತ್ತಿ ಎತ್ತಿ "ನಾವು ಯಾರಿಗೂ ರೊಕ್ಕ ಹಾಕೂದಿಲ್ಲ" ಅಂತ ಬೈದು ಇಟ್ಟಾರ! ಅವ್ರದೇನ್ ತಪ್ಪಿಲ್ಲ ಬಿಡ್ರಿ, ಪೊಲೀಸ್ ಅಂತ ಫೋನ್ ಬಂದ್ರ ಮಾತಾಡಬ್ಯಾಡ್ರಿ ಅಂತ ಮೊಮ್ಮಗ ಕಲಿಸಿದ್ದ. ಎಂಟ ದಿನ ಹಂಗ ಹೋತು.

ಈ ಗದ್ದಲದಾಗ ನಮ್ಮ ಮನಿಯಾವ್ರು ಮಾಡಿದ್ದೇನು ಗೊತ್ತೇನು? ಕೆಂಪ ಬ್ಯಾಗಿಗೆ ನಂಬರ್ ಲಾಕ್ ತಂದ್ರು. ಡೆಬಿಟ್ ಕಾರ್ಡಿನ್ಯಾಗ ಇಂಟರ್‌ನ್ಯಾಶನಲ್ ಆನ್ ಮಾಡ್ರಿ, ಹೊಸ ಕಾರ್ಡಿಗೆ ಅದು ಬಂದ್ ಇರತೈತಿ ಅಂದ್ರ "ಅಲ್ಲೇನ್ ಎಟಿಎಂ ಇಲ್ಲೇನು" ಅಂತಾರ.

ಅತ್ತಿ ಮಾತ್ರ ದುಬೈದಾಗಿನ ಮಗನ ಸಲುವಾಗಿ ಅಂಟಿನ ಉಂಡಿ ಕಟ್ಟಿದ್ರು. ಎರಡ ದಿನ ಕುಂತು ಕೊಬ್ಬರಿ ಹೆರದು, ಅಂಟ ಹುರದು, ಉತ್ತತ್ತಿ ಕುಟ್ಟಿ, ಮ್ಯಾಲ ಎರಡ ಮುಷ್ಟಿ ಗಸಗಸಿ. ಸ್ಟೀಲ್ ಡಬ್ಬಿ ತುಂಬ. ಘಮಾ ಅಂತಿತ್ತು ಮನಿ. ನಾ ಗಸಗಸಿ ನೋಡಿ ಅಲ್ಲೇ ಕುಂತಬಿಟ್ಟೆ. ಅದು ಅಫೀಮಿನ ಗಿಡದ ಬೀಜ, ದುಬೈದಾಗ ಬಂದ್ ಐತಿ, ಸಿಕ್ಕರ ಕೇಸ್ ಆಗತೈತಿ. ಹೆಂಗ್ ಹೇಳೂದು ಅವ್ರಿಗೆ? ಹೇಳಿದೆ. "ನಮ್ಮ ಮನಿ ಗಸಗಸಿ ಅಫೀಮ ಆತೇನು?" ಅಂತ ಎರಡ ದಿನ ನನ್ನ ಜೋಡಿ ಮಾತಾಡಲಿಲ್ಲ. ಅದನ್ನರ ಏಜೆಂಟ್ ಹೇಳಬಾರದಾ, ಮಗ ಹೇಳಬಾರದಾ, ಹತ್ತ ವರ್ಷ ಅಲ್ಲೇ ಅದಾನ. ಕೆಟ್ಟ ಸುದ್ದಿ ಹೇಳೂದೆಲ್ಲಾ ಸೊಸಿನ ಹೇಳಬೇಕು.

ಟಿಕೀಟ್ ಮುಂದ ಹಾಕಿದ್ದಕ್ಕ ಐದ ಮಂದಿಗೆ 22 ಸಾವಿರ ಹೋತು. ಏಜೆಂಟ್ ಅಂತಾನ "ನೀವು ಮೊದಲ ನೋಡಬೇಕಾಗಿತ್ರಿ ಮೇಡಂ". ನಮ್ಮ ಮನಿಯಾವ್ರೂ ಅದನ್ನ ಅಂದ್ರು, ಅದ ಮಾತು, ನನಗ!

ಅತ್ತಿ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಕೆಂಪ ಬ್ಯಾಗು ಹಾಲ್‌ನ್ಯಾಗ ನಿಂತೈತಿ, ಲಾಕಿನ ನಂಬರ್ ಮರತಾರಂತ. ಉಂಡಿ ಡಬ್ಬಿ ನನ್ನ ಮುಂದ ಐತಿ, ಚಾದ ಜೋಡಿ ಇದು ನಾಕನೇದು.