ಮೊದಲು ಬಟವಾಡೆ ಪುಸ್ತಕ ನೋಡಿ

ಹದಿನೈದು ವರ್ಷ ಕನ್ಸಲ್ಟಿಂಗ್ ಮಾಡಿ, ಈಗ ಹಾಸನ, ಚಿಕ್ಕಮಗಳೂರು ಕಡೆ ಮನೆ ಮಾಡಿಕೊಂಡು ಪ್ರಾಡಕ್ಟ್ ಮ್ಯಾನೇಜರ್ (ಒಂದು ಆ್ಯಪ್ ಯಾರಿಗೆ, ಏನು ಮಾಡಬೇಕು ಅಂತ ತೀರ್ಮಾನಿಸಿ ನಡೆಸೋರು) ಆಗಬೇಕು ಅಂದುಕೊಂಡಿರೋರು ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟೋ ಮೊದಲು ಇದನ್ನು ಓದಿ.

ಇಂಟರ್‌ವ್ಯೂನಲ್ಲಿ ನಿಮ್ಮ ಬುದ್ಧಿ ಬಗ್ಗೆ ಯಾರಿಗೂ ಅನುಮಾನ ಇರಲ್ಲ. ವರದಿ ಕೊಟ್ಟು ಮುಂದಿನ ಕಂಪನಿಗೆ ಹೋಗಿ ರೂಢಿಯಾದವರು, ತಮ್ಮದೇ ತೀರ್ಮಾನ ಆರು ತಿಂಗಳ ಮೇಲೆ ಕೈಕೊಟ್ಟಾಗ ಅಲ್ಲೇ ಕೂತು ಸರಿಮಾಡ್ತಾರಾ ಅನ್ನೋದೇ ಇಂಟರ್‌ವ್ಯೂ ಮಾಡೋರ ಪ್ರಶ್ನೆ. ಸಣ್ಣದೊಂದು ಆ್ಯಪ್ ಕಟ್ಟಿ, ಒಂದು ಕೊಯ್ಲು ಮುಗಿಯೋವರೆಗೆ ನಡೆಸಿ ತೋರಿಸೋದೇ ಅದಕ್ಕೆ ಉತ್ತರ.

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ಕೂಲಿ ಲೆಕ್ಕವನ್ನೇ ತಗೊಳ್ಳಿ. ಹಣ್ಣು ಕೊಯ್ಯೋರಿಗೆ ಕೆಜಿ ಲೆಕ್ಕದ ಕೂಲಿ. ಸಂಜೆ ತೂಕ, ರೈಟರ್ (ತೋಟದ ಲೆಕ್ಕ ಬರೆಯೋರು) ಪುಸ್ತಕದಲ್ಲಿ ಬರೀತಾರೆ, ಮುಂಗಡ ಕಳೆದು ವಾರದ ಬಟವಾಡೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಜೋರಾಗುತ್ತೆ, ಹಾಗಾಗಿ ಹಳೇ ಪುಸ್ತಕ ನೋಡೋ ಕೆಲಸ ಮಳೆಗಾಲದಲ್ಲೇ ಮುಗೀಬೇಕು. ಐದಾರು ತೋಟಕ್ಕೆ ಹೋಗಿ. "ಆ್ಯಪ್ ಮಾಡಿಕೊಟ್ರೆ ಬಳಸ್ತೀರಾ?" ಅಂತ ಕೇಳಬೇಡಿ. ಮನೆಬಾಗಿಲಿಗೆ ಬಂದವರಿಗೆ ಮಲೆನಾಡಿನ ಜನ ಇಲ್ಲ ಅನ್ನಲ್ಲ. "ಹೋದ ಸಲ ಲೆಕ್ಕ ತಪ್ಪಿದ್ದೆಲ್ಲಿ, ಪುಟ ತೋರಿಸಿ" ಅನ್ನಿ.

ಆಮೇಲೆ ಒಂದೇ ಪುಟ ಬರೀರಿ: ಯಾರ ತೊಂದರೆ, ಈಗ ಹೇಗೆ ನಿಭಾಯಿಸ್ತಾರೆ, ನಾವು ಏನು ಮಾಡ್ತೀವಿ, ಏನು ಮಾಡಲ್ಲ, ಯಾವ ಅಂಕಿ ಬದಲಾಗಬೇಕು. ಕನ್ಸಲ್ಟಂಟ್‌ಗಳು ಎಡವೋದು 'ಏನು ಮಾಡಲ್ಲ' ಅನ್ನೋ ಕಡೆ. ಮೂರು ಆಯ್ಕೆ ಮುಂದಿಟ್ಟು ಅಭ್ಯಾಸ, ಇಲ್ಲಿ ಎರಡನ್ನು ನೀವೇ ಕತ್ತರಿಸಬೇಕು. ಮಳೆ ಲೆಕ್ಕ, ಗೊಬ್ಬರ, ಮಾರ್ಕೆಟ್ ರೇಟು ಎಲ್ಲ ಬಿಡಿ. ಮೊದಲ ಆವೃತ್ತಿಗೆ ತೂಕ, ಮುಂಗಡ, ಬಟವಾಡೆ ಸಾಕು.

ತೋಟದೊಳಗೆ ಸಿಗ್ನಲ್ ನಂಬೋ ಹಾಗಿಲ್ಲ. ನಮೂದು ಫೋನಲ್ಲೇ ಉಳಿದು ಆಮೇಲೆ ಸರ್ವರ್‌ಗೆ ಹೋಗಬೇಕು. ಅರ್ಧದಲ್ಲಿ ಸಂಪರ್ಕ ಕಡಿದು ಫೋನು ಮತ್ತೆ ಕಳಿಸಿದರೆ ಒಬ್ಬರ 60 ಕೆಜಿ 120 ಆಗಿಬಿಡುತ್ತೆ. ಪ್ರತಿ ನಮೂದಿಗೂ ಫೋನಲ್ಲೇ ಪ್ರತ್ಯೇಕ ಗುರುತಿನ ಸಂಖ್ಯೆ ಹುಟ್ಟಿಸಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಕೈಬಿಡಬೇಕು. ಇಂಥದ್ದನ್ನು ಎಂಜಿನಿಯರ್ ಜೊತೆ ಕೂತು ಬಿಡಿಸಿದವರ ಮಾತಿನ ತೂಕವೇ ಬೇರೆ.

ಡೌನ್‌ಲೋಡ್ ಎಣಿಸಬೇಡಿ. ನಾಲ್ಕನೇ ವಾರ, ನಿಮ್ಮ ಫೋನ್ ಕರೆ ಇಲ್ಲದೆ, ಅದೇ ಸಂಜೆ ಎಷ್ಟು ರೈಟರ್‌ಗಳು ತಾವಾಗಿ ಆ್ಯಪ್‌ಗೆ ತೂಕ ಹಾಕಿದರು ಅಂತ ನೋಡಿ. ಆ ಲೆಕ್ಕ ನೀವೇ ತೆಗೆಯೋಷ್ಟು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಭಾಷೆ) ಕಲೀರಿ. ಪುಸ್ತಕವೂ ಪಕ್ಕದಲ್ಲೇ ನಡೀತಿದ್ದರೆ ಸೋಮಾರಿತನ ಅಂತ ಬರೆದುಕೊಳ್ಳಬೇಡಿ. ಕೊಯ್ದವರಿಗೆ ತಮ್ಮ ಹೆಸರಿನ ಮುಂದಿನ ಅಂಕಿ ಕಣ್ಣಾರೆ ಕಾಣಬೇಕು, ಅದು ಅವರ ಕೂಲಿ. ಪರದೆಯಲ್ಲಿ ದಪ್ಪಕ್ಷರದಲ್ಲಿ ಅದನ್ನು ತೋರಿಸಿ.

ಸಂಬಳ, ಹುದ್ದೆ ಎರಡೂ ಒಂದು ಮೆಟ್ಟಿಲು ಇಳಿಯಬಹುದು. ಒಂದು ವರ್ಷದ ಇಎಂಐ ಕೈಯಲ್ಲಿಟ್ಟುಕೊಳ್ಳಿ. ಡೈರೆಕ್ಟರ್ ಹುದ್ದೆಗೆ ಹಟ ಹಿಡಿಯದೆ, ನೀವು ಸಲಹೆ ಕೊಡ್ತಿದ್ದ ಕ್ಷೇತ್ರದಲ್ಲೇ ಸೀನಿಯರ್ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಹುಡುಕಿ. ಮೊದಲ ವರ್ಷ ಪೂರ್ತಿ ಮನೆಯಿಂದಲೇ ಅನ್ನಬೇಡಿ, ಎಂಜಿನಿಯರ್‌ಗಳ ಜೊತೆ ಎದುರುಬದುರು ಕೂರಬೇಕಾಗುತ್ತೆ. 2017ರಿಂದ ಕುಣಿಗಲ್ ಮೇಲೆ ನೇರ ರೈಲು ಇರೋದರಿಂದ, ಹಾಸನದಲ್ಲಿರೋರಿಗೆ ವಾರಕ್ಕೆರಡು ದಿನ ಬೆಂಗಳೂರು ಆಗದ ಮಾತಲ್ಲ.